ಬನ್ನಿಕಟ್ಟಿಯ ಹಂಚಿನ ನೀರು

ಗಜೇಂದ್ರಗಡದ ಪೇಂಟರ್ ಕಾಶೀಂಸಾಬನಿಗೆ ಬಿಳಿ ಬಣ್ಣದ ಮೇಲೆ ಎಂದೂ ಪೂರ್ತಿ ನಂಬಿಕೆ ಇರಲಿಲ್ಲ. ಹದಿನೈದನೆಯ ವಯಸ್ಸಿಗೆ ನರಗುಂದಕ್ಕೆ ಹೋಗಿ, ಗುಡ್ಡದ ಕೆಳಗಿನ ಓಣಿಯಲ್ಲಿದ್ದ ಉಸ್ತಾದನೊಬ್ಬನ ಕೈಕೆಳಗೆ ಕೆಲಸ ಕಲಿತವನು ಅವನು. ಕಾಳಿನ ಪೇಟೆಯ ದಲಾಲಿ ಅಂಗಡಿಗಳ ಬೋರ್ಡು ಬರೆಯುತ್ತ ಬರೆಯುತ್ತ ಅಕ್ಷರ ಕಲಿತ. ಸಾಲೆಯಲ್ಲಿ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಕನ್ನಡ, ಉರ್ದು, ಹಿಂದಿ, ಇಂಗ್ಲಿಷ್ ಯಾವ ಅಕ್ಷರವನ್ನಾದರೂ ಗೆರೆ ಹೊಡೆಯದೆ ನೇರ ಬರೆಯುತ್ತಿದ್ದ. ಊರಿಗೆ ಮರಳಿ ಬಂದ ಮೇಲೆ ಮೂವತ್ತು ವರ್ಷ ಅಂಗಡಿ, ಸಾಲೆ, ಟ್ರ್ಯಾಕ್ಟರು, ಮದುವೆ ಮನೆಯ ಗೋಡೆ, ಎಲ್ಲದರ ಮೇಲೂ ಅವನ ಕೈ ಆಡಿತ್ತು.

ಬಿಳಿಯ ವಿಷಯಕ್ಕೆ ಮಾತ್ರ ಅವನು ಗಿರಾಕಿಗಳೊಂದಿಗೆ ಜಗಳಕ್ಕೆ ಬೀಳುತ್ತಿದ್ದ. ಸಸ್ತಾ ಬಿಳಿ ತಂದುಕೊಟ್ಟವರಿಗೆ, ಇದು ಎರಡು ಬ್ಯಾಸಿಗೆ ತಡೆಯುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತಿದ್ದ. ಹಾಗೇ ಆಗುತ್ತಿತ್ತು. ಪಡುವಣ ಗೋಡೆಗೆ ಅಂಗೈ ಒತ್ತಿ ತೆಗೆದರೆ ಕೈ ತುಂಬ ಸುಣ್ಣದಂಥ ಪುಡಿ. ಅದೇ ಡಬ್ಬಿಯ ಅದೇ ಬಣ್ಣ ನೆರಳಿನ ಗೋಡೆಯ ಮೇಲೆ ಗಟ್ಟಿಯಾಗಿ ಕೂತಿರುತ್ತಿತ್ತು. ಬಿಸಿಲು ಬಿದ್ದಲ್ಲಿ ಆ ಬಿಳಿ ಪುಡಿ ತನ್ನನ್ನು ಹಿಡಿದಿಟ್ಟ ಎಣ್ಣೆಯನ್ನೇ ತಿಂದು ಹಾಕುತ್ತದೆ ಎಂಬುದು ಅವನ ಲೆಕ್ಕ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಎರಡು ಸಾವಿರದ ನಾಲ್ಕರ ಜನವರಿಯಲ್ಲಿ ಶಶಿಕಾಂತ ಎಂಬ ಮೇಷ್ಟ್ರು ಅವನ ಅಂಗಡಿಗೆ ಬಂದರು. ನರಗುಂದದ ವ್ಯಾಪಾರಸ್ಥರ ಮನೆತನದವರು. ಗಜೇಂದ್ರಗಡದಲ್ಲಿ ಕಾಲೇಜು ಹುಡುಗರಿಗೆ ರಸಾಯನಶಾಸ್ತ್ರ ಹೇಳುತ್ತಿದ್ದರು, ಜೊತೆಗೆ ಡಾಕ್ಟರೇಟಿಗೆ ಓದುತ್ತಿದ್ದರು. ಎಣ್ಣೆ ಕಲಸದ ಬರಿಯ ಬಿಳಿ ಪುಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು.

"ಯಾವ ಬಿಳಿ ಬೇಕ್ರಿ ಸರ?" ಎಂದ ಕಾಶೀಂಸಾಬ. "ಗ್ವಾಡಿ ಮ್ಯಾಲ ಉಳಿಯೂದೋ, ಬಿಸಲಿಗೆ ಉದರೂದೋ?"

ಮೇಷ್ಟ್ರು ಅಂಗಡಿಯ ಮೆಟ್ಟಿಲ ಮೇಲೆ ಕೂತೇಬಿಟ್ಟರು. ಕಾಶೀಂಸಾಬ ಹೇಳಿದ್ದನ್ನೆಲ್ಲ ಎರಡೆರಡು ಸಲ ಹೇಳಿಸಿಕೊಂಡರು. ಆಮೇಲೆ ತಾವು ಹೇಳಿದರು: ಆ ಪುಡಿಯ ಹೆಸರು ಟೈಟಾನಿಯಂ ಡೈಆಕ್ಸೈಡ್. ಅದರಲ್ಲಿ ಒಂದು ಜಾತಿ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ ಬಿದ್ದ ಕೂಡಲೇ ಎಚ್ಚರಾಗುತ್ತದೆ. ಎಚ್ಚರಾಗಿ, ತನಗೆ ತಾಗಿದ್ದನ್ನು ಒಡೆಯುತ್ತದೆ. ತಾನು ಮಾತ್ರ ಖರ್ಚಾಗುವುದಿಲ್ಲ. ಅದಕ್ಕೆ ಪುಸ್ತಕದಲ್ಲಿ ವೇಗವರ್ಧಕ ಎನ್ನುತ್ತಾರೆ. ಬಣ್ಣದಲ್ಲಿದ್ದರೆ ಎಣ್ಣೆಯನ್ನು ತಿನ್ನುತ್ತದೆ. ನೀರಿನಲ್ಲಿ ವಿಷ ಇದ್ದರೆ, ಎಷ್ಟು ವರ್ಷವಾದರೂ ತಾನಾಗಿ ಕರಗದ ವಿಷವನ್ನೂ ಚೂರು ಚೂರು ಮಾಡುತ್ತದೆ.

ಕಾಶೀಂಸಾಬನ ಕೈಯಲ್ಲಿದ್ದ ಕುಂಚ ನಿಂತಿತು. ಹುಳ ಸಾಯಲೆಂದು ಹೊಲಕ್ಕೆ ಹೊಡೆಯುವ ಬಿ.ಎಚ್.ಸಿ. ಪುಡಿಯನ್ನೂ ಒಡೆಯುತ್ತದೆಯೇ ಎಂದು ಕೇಳಿದ. ಅದೇ ತಮ್ಮ ಅಭ್ಯಾಸದ ವಿಷಯ ಎಂದರು ಮೇಷ್ಟ್ರು. ಹಾಗಾದರೆ ಬನ್ನಿಕಟ್ಟಿಯ ಬಾವಿ ನೋಡಲಿಕ್ಕೆ ಬರಬೇಕು ಎಂದ ಅವನು.

ಬನ್ನಿಕಟ್ಟಿ ರಾಜೂರಿನ ದಾರಿಯಲ್ಲಿ ಒಳಕ್ಕೆ ಹೊರಳಿದರೆ ಸಿಗುವ ನಲವತ್ತು ಮನೆಗಳ ಹಳ್ಳಿ. ಕಾಶೀಂಸಾಬನ ಒಬ್ಬಳೇ ಮಗಳು ಸಾಬೀರಾಳನ್ನು ನಾಲ್ಕು ವರ್ಷದ ಹಿಂದೆ ಅಲ್ಲಿಗೆ ಕೊಟ್ಟಿದ್ದರು. ಅಳಿಯ ಸಲಾವುದ್ದೀನನಿಗೆ ಮೂರೆಕರೆ ಹೊಲ, ಎರಡು ಎಮ್ಮೆ. ದುಡಿಯುವ ಗಂಡಸು, ಕೆಟ್ಟ ಚಟ ಇಲ್ಲ. ಸಾಬೀರಾ ಎರಡು ಸಲ ಬಸುರಾಗಿ ಎರಡೂ ನಿಂತಿರಲಿಲ್ಲ. ಎರಡನೆಯ ಸಲ ತವರಿಗೆ ಬಂದು ಮಲಗಿದ್ದಾಗ ಅವಳ ತಾಯಿ ಹಸೀನಾ, ಮಗಳು ತಂದಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದು ಗಂಡನ ಮೂಗಿಗೆ ಹಿಡಿದಿದ್ದಳು. ಮುಗ್ಗಿದ ಚೀಲದಂಥ ವಾಸನೆ. ಕಾಶೀಂಸಾಬನಿಗೆ ಆ ವಾಸನೆಯ ಗುರುತಿತ್ತು. ಬನ್ನಿಕಟ್ಟಿಯ ರೈತರ ಸೊಸೈಟಿಯ ಗೋದಾಮಿಗೆ ಹೆಸರು ಬರೆಯಲು ಹೋದಾಗ ಮೂಲೆಯಲ್ಲಿ ಆಳೆತ್ತರ ಒಟ್ಟಿದ್ದ ಬಿ.ಎಚ್.ಸಿ. ಚೀಲಗಳ ಪಕ್ಕ ಕೂತೇ ಅವನು ರೊಟ್ಟಿ ತಿಂದಿದ್ದ.

ಆ ಪುಡಿ ತೊಂಬತ್ತೇಳರಲ್ಲಿ ಬಂದ್ ಆಗಿತ್ತು. ಮಾರುವಂತಿಲ್ಲ, ಹೊಡೆಯುವಂತಿಲ್ಲ. ಸೊಸೈಟಿಯಲ್ಲಿ ಉಳಿದ ಚೀಲಗಳನ್ನು ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಎರಡು ಮಳೆಗಾಲ ಗೋದಾಮಿನ ತಗಡು ಸೋರಿ ಚೀಲ ಕೊಳೆತ ಮೇಲೆ, ಚೇರಮನ್ ಕಳಕಪ್ಪಗೌಡರು ಹಿಂದಿನ ಬಯಲಿನಲ್ಲಿ ಕುಣಿ ತೋಡಿಸಿ ಎಲ್ಲವನ್ನೂ ಹೂಳಿಸಿದರು. ಕುಣಿಯಿಂದ ಊರ ಬಾವಿಗೆ ಮೂವತ್ತು ಹೆಜ್ಜೆ.

ಶಶಿಕಾಂತ ಮೇಷ್ಟ್ರು ಬಾವಿಯ ನೀರನ್ನು ಗಾಜಿನ ಶೀಶೆಗಳಲ್ಲಿ ತುಂಬಿ ಧಾರವಾಡಕ್ಕೆ ಒಯ್ದರು. ಹದಿನೈದು ದಿನಕ್ಕೆ ಕಾಗದ ಬಂತು. ನೀರಿನಲ್ಲಿ ಬಿ.ಎಚ್.ಸಿ. ಇರಬಹುದಾದ ಮಿತಿಗಿಂತ ಮೂವತ್ತು ಪಟ್ಟು ಹೆಚ್ಚು. ಕಳಕಪ್ಪಗೌಡರು ಕಾಗದವನ್ನು ನಿಧಾನ ಓದಿದರು, ಮೇಷ್ಟ್ರಿಗೆ ಚಹಾ ಕೊಡಿಸಿದರು. ಕುಣಿಯ ವಿಷಯ ಮೇಲಿನವರಿಗೆ ಬರೆಯುತ್ತೇನೆ, ಅಲ್ಲಿಯವರೆಗೆ ಗಜೇಂದ್ರಗಡದಿಂದ ದಿನಾ ಒಂದು ಟ್ಯಾಂಕರ್ ನೀರು ತರಿಸುತ್ತೇನೆ ಎಂದರು. ಟ್ಯಾಂಕರ್ ಬಂತು ಕೂಡ. ಮೇಷ್ಟ್ರ ಪ್ರಯೋಗಕ್ಕೆ ಬಾವಿಯ ಪಕ್ಕದ ಜಾಗವನ್ನೂ ಬಿಟ್ಟುಕೊಟ್ಟರು.

ಮೇಷ್ಟ್ರ ಮೊದಲ ಸಂಕಟ ಪುಡಿಯನ್ನು ನಿಲ್ಲಿಸುವುದು. ನೀರಿಗೆ ಸುಮ್ಮನೆ ಕಲಸಿದರೆ ಆಮೇಲೆ ಸೋಸಿ ತೆಗೆಯಲಾಗದು. ಗಾಜಿನ ಹಾಳೆಗೆ ಬಳಿದರೆ ಎರಡೇ ದಿನಕ್ಕೆ ತೊಳೆದುಹೋಗುತ್ತಿತ್ತು. ಎಣ್ಣೆಯಲ್ಲೋ ಅಂಟಿನಲ್ಲೋ ಕಲಸಿ ಬಳಿದರೆ ಪುಡಿ ಅದರಡಿ ಮುಚ್ಚಿಹೋಗಿ, ನೀರಿಗೆ ತಾಗುತ್ತಲೇ ಇರಲಿಲ್ಲ. ಮೂರು ತಿಂಗಳು ಹೀಗೇ ಕಳೆದವು. ಕಾಶೀಂಸಾಬ ತನ್ನ ಕೆಲಸ ಮುಗಿಸಿ ಸಂಜೆ ಹೋಗಿ ನೋಡುತ್ತಿದ್ದ. ಒಂದು ದಿನ, ಗಾಜು ಬಿಟ್ಟು ಹಂಚು ಹಿಡಿಯೋಣ ಎಂದ. ನುಣುಪು ಮಾಡದ ಚಪ್ಪಟೆ ಮಣ್ಣಿನ ಹಂಚು. ಪುಡಿಯನ್ನು ಸ್ಪಿರಿಟ್ಟಿನಲ್ಲಿ ತೆಳ್ಳಗೆ ಕಲಸಿ, ಕುಂಚದಿಂದ ಏಳು ಕೈ ಬಳಿದು, ಕುಂಬಾರರ ಆವಿಗೆಯಲ್ಲಿ ಇನ್ನೊಮ್ಮೆ ಸುಟ್ಟರೆ ಮಣ್ಣೇ ಅದನ್ನು ಹಿಡಿದುಕೊಳ್ಳುತ್ತದೆ.

ಮೊದಲ ಅರವತ್ತು ಹಂಚು ನೋಡಲು ಚೆಂದ ಸುಟ್ಟಿದ್ದವು, ಆದರೆ ಒಂದೂ ಕೆಲಸ ಮಾಡಲಿಲ್ಲ. ಬೆಂಕಿ ಹೆಚ್ಚಾಗಿ ಪುಡಿಯ ಜಾತಿಯೇ ಬದಲಾಗಿದೆ ಎಂದರು ಮೇಷ್ಟ್ರು. ಎರಡನೆಯ ಸಲ ಕಾಶೀಂಸಾಬ ತಾನೇ ಪರಶಪ್ಪ ಕುಂಬಾರನ ಆವಿಗೆಯ ಮುಂದೆ ಕೂತ. ಬೆಂಕಿಯ ಬಾಯಿಂದ ದೂರ, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಹಂಚು ಇಡಿಸಿದ. ಆ ಸಾಲಿನ ಹಂಚು ಬೆಳ್ಳಗೆ, ಉಗುರಿನಿಂದ ಕೆರೆದರೂ ಉದುರದಂತೆ ಬಂದವು, ಕೆಲಸವನ್ನೂ ಮಾಡಿದವು.

ಇಳಿಜಾರು ಕಟ್ಟೆಯ ಮೇಲೆ ಮುನ್ನೂರು ಹಂಚು ಕೂಡಿಸಿದರು. ಮೇಲಿನಿಂದ ಬಾವಿಯ ನೀರು ಬಟ್ಟೆ ಹಾಸಿದ ಹಾಗೆ ತೆಳ್ಳಗೆ ಇಳಿದು ಕೆಳಗಿನ ತೊಟ್ಟಿಗೆ ಬರಬೇಕು. ಸಣ್ಣ ಪಂಪು ಅದನ್ನು ಮತ್ತೆ ಮೇಲಕ್ಕೆ ಒಯ್ಯಬೇಕು. ಮುಂಜಾನೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಹೀಗೆ ಸುತ್ತುತ್ತ ಇರಬೇಕು. ಎರಡು ಸಾವಿರದ ಐದರ ಬೇಸಿಗೆ ಪೂರ್ತಿ ಅದು ಸುತ್ತಿತು. ನೂರು ಪಾಲಿನಲ್ಲಿ ತೊಂಬತ್ತೇಳು ಪಾಲು ಬಿ.ಎಚ್.ಸಿ. ಹೋಗಿದೆ ಎಂದು ಧಾರವಾಡದಿಂದ ಕಾಗದ ಬಂತು. ಆ ದಿನ ಮೇಷ್ಟ್ರು ಕಾಶೀಂಸಾಬನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಕಾಶೀಂಸಾಬನಿಗೆ ಆ ವರ್ಷದಷ್ಟು ಸುಖ ಹಿಂದೆ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ.

ನವೆಂಬರಿನಲ್ಲಿ ಕಳಕಪ್ಪಗೌಡರು ಉದ್ಘಾಟನೆ ಇಟ್ಟುಕೊಂಡರು. ತೊಟ್ಟಿಗೆ ನಳ ಕೂಡಿಸಿ, ಮನೆಗೊಂದು ಕೊಡ ನೀರು ಎಂದು ನಿಶ್ಚಯವಾಯಿತು. ತೊಟ್ಟಿಯ ಗೋಡೆಗೆ "ಶುದ್ಧ ಕುಡಿಯುವ ನೀರು" ಎಂದು ಮೂರಡಿ ಅಕ್ಷರದಲ್ಲಿ ಬರೆಯಬೇಕೆಂದರು. ನೀಲಿ ಅಕ್ಷರ, ಹಳದಿ ಅಂಚು. ಕಾಶೀಂಸಾಬ ಪುಕ್ಕಟೆ ಬರೆದುಕೊಟ್ಟ. ಮೇಷ್ಟ್ರು ಭಾಷಣದಲ್ಲಿ ಎರಡು ಮಾತು ಸ್ಪಷ್ಟ ಹೇಳಿದರು. ಒಂದು, ಬಿಸಿಲು ಇದ್ದ ದಿನ ಮಾತ್ರ ಇದು ನಡೆಯುತ್ತದೆ. ಮೋಡದ ದಿನ ನೀರು ಬಿಡಬಾರದು. ಎರಡು, ಕುಣಿಯನ್ನು ತೆಗೆಸದೆ ಇದಕ್ಕೆಲ್ಲ ಅರ್ಥವಿಲ್ಲ. ಅದು ಇರುವತನಕ ಬಾವಿಗೆ ವಿಷ ಇಳಿಯುತ್ತಲೇ ಇರುತ್ತದೆ. ಜನ ಚಪ್ಪಾಳೆ ಹೊಡೆದರು. ವೇದಿಕೆಯ ಮೇಲಿದ್ದವರೂ ಹೊಡೆದರು.

ಮರುವಾರ ಟ್ಯಾಂಕರ್ ನಿಂತಿತು. ನೀರು ಶುದ್ಧವಾಗಿದೆಯಲ್ಲ, ಇನ್ನು ಯಾಕೆ ಎಂದರು ಗೌಡರು. ಕುಣಿ ತೆಗೆಸುವ ಅರ್ಜಿಯೂ ಅದೇ ಮಾತಿಗೆ ನಿಂತಿತು.

ಮುಂದಿನ ಜೂನಿನಲ್ಲಿ ಶಶಿಕಾಂತ ಮೇಷ್ಟ್ರಿಗೆ ಡಾಕ್ಟರೇಟ್ ಬಂತು, ಬಳ್ಳಾರಿಯಲ್ಲಿ ನೌಕರಿಯೂ ಆಯಿತು. ಹೋಗುವಾಗ ಡಾಕ್ಟರೇಟಿಗೆ ಬರೆದು ರಟ್ಟು ಕಟ್ಟಿಸಿದ ದಪ್ಪ ಪುಸ್ತಕದ ಒಂದು ಪ್ರತಿ ಕೊಟ್ಟು, ತಿಂಗಳಿಗೊಮ್ಮೆ ಬರುತ್ತೇನೆ ಎಂದರು. ಇಂಗ್ಲಿಷ್ ಪುಸ್ತಕ. ಕಾಶೀಂಸಾಬನಿಗೆ ಆ ಭಾಷೆಯ ಅರ್ಥ ಗೊತ್ತಿರಲಿಲ್ಲ, ಅಕ್ಷರ ಗೊತ್ತಿದ್ದವು. ತನ್ನ ಹೆಸರಿನ ಆಕಾರವನ್ನು ಹುಡುಕುತ್ತ ಒಂದು ಭಾನುವಾರ ಪೂರ್ತಿ ಹಾಳೆ ತಿರುವಿದ. ಹಂಚಿನ ಚಿತ್ರ ಇತ್ತು, ಆವಿಗೆಯ ಚಿತ್ರ ಇತ್ತು. ಹೆಸರು ಇರಲಿಲ್ಲ. ಮೊದಲ ಪುಟಗಳಲ್ಲಿ ದೊಡ್ಡ ದೊಡ್ಡ ಹೆಸರುಗಳ ಕೊನೆಗೆ 'ಪೇಂಟರ್' ಎಂಬ ಪದವೊಂದು ಸಿಕ್ಕಿತು. ತಾನು ದಿನಾ ಅಂಗಡಿಯ ಮುಂದೆ ನೋಡುವ ಪದ. ಅದು ತನಗೇ ಹೇಳಿದ್ದು ಎಂದುಕೊಂಡು ಪುಸ್ತಕವನ್ನು ಕಪಾಟಿನ ಮೇಲಿಟ್ಟ. ಮೇಷ್ಟ್ರು ಎರಡು ಸಲ ಬಂದರು, ಆಮೇಲೆ ಬರಲಿಲ್ಲ. ನೀರು ಪರೀಕ್ಷೆಗೆ ಒಯ್ಯುವವರು ಯಾರೂ ಉಳಿಯಲಿಲ್ಲ.

ಹಂಚಿನ ಕಟ್ಟೆ ಕಾಶೀಂಸಾಬನ ಕೊರಳಿಗೆ ಬಿತ್ತು. ಯಾರೂ ಅವನಿಗೆ ಒಪ್ಪಿಸಿರಲಿಲ್ಲ, ಅವನೇ ಹೊತ್ತುಕೊಂಡಿದ್ದ. ಪಾಚಿ ಕಟ್ಟಿದರೆ ಬಿಸಿಲು ತಾಗುವುದಿಲ್ಲವೆಂದು ವಾರಕ್ಕೆರಡು ಸಲ ಸೈಕಲ್ ತುಳಿದು ಹೋಗಿ ತೆಂಗಿನ ನಾರಿನಿಂದ ತಿಕ್ಕುತ್ತಿದ್ದ. ಆಷಾಢದಲ್ಲಿ ಮೋಡ ಹಿಡಿದ ದಿನ ಹೋಗಿ ತೊಟ್ಟಿಯ ವಾಲ್ವು ತಿರುಗಿಸಿ ಬೀಗ ಹಾಕಿ ಬರುತ್ತಿದ್ದ. ಹೆಂಗಸರು ಒಂದೂವರೆ ಮೈಲಿ ದೂರದ ಹೊಲದ ಬೋರಿಗೆ ಹೋಗಬೇಕಾಗುತ್ತಿತ್ತು. ಕೊಡ ಹಿಡಿದು ಬಂದವರು, ನೀರು ಕಣ್ಣ ಮುಂದೆ ಇದೆ, ಈ ಸಾಬ ಯಾಕೆ ಬೀಗ ಹಾಕುತ್ತಾನೆ ಎಂದು ಅವನಿಗೆ ಕೇಳುವಂತೆ ಅನ್ನುತ್ತಿದ್ದರು. ಅವನು ಬಿಸಿಲಿನ ಮಾತು ಹೇಳುತ್ತಿದ್ದ. ಒಬ್ಬಿಬ್ಬರು ಕೇಳಿಕೊಂಡರು. ಉಳಿದವರಿಗೆ ಅದು ನೆವ ಅನಿಸಿತು.

ಎರಡು ಸಾವಿರದ ಏಳರ ಜುಲೈನಲ್ಲಿ ಒಂಬತ್ತು ದಿನ ಸೂರ್ಯ ಕಾಣಲಿಲ್ಲ. ಆರನೆಯ ದಿನ ಅವನು ಬೀಗ ನೋಡಿಕೊಂಡು ಮಗಳ ಮನೆಗೆ ಹೋದ. ಸಾಬೀರಾ ಮೂರನೆಯ ಸಲ ಬಸುರಾಗಿದ್ದಳು. ನಾಲ್ಕು ತಿಂಗಳು ತುಂಬಿತ್ತು. ಮೊದಲೆರಡೂ ಇಷ್ಟು ದಿನ ನಿಂತಿರಲಿಲ್ಲ, ಅದಕ್ಕೆ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ಅವಳು ಚಹಾ ತಂದಿಟ್ಟಳು. ಈ ಮಳೆಯಲ್ಲಿ ಬೋರಿನಿಂದ ನೀರು ಹೊತ್ತು ತರುತ್ತೀಯಾ ಎಂದು ಅವನು ಗಾಬರಿಯಿಂದ ಕೇಳಿದ.

"ಬೋರಿಗೆ ಯಾಕ ಹೋಗ್ಲಿ ಅಬ್ಬಾ? ನಳದಾಗ ಬರತೈತಲ್ಲ."

"ನಾ ಬೀಗ ಹಾಕೇನಿ."

"ನೀ ಬೀಗ ಹಾಕಿದ್ರೂ ಬರತೈತಿ. ಹೋದ ವರ್ಷದಿಂದಾನೂ ಬರತೈತಿ." ತಂದೆಯ ಮುಖ ನೋಡಿ ಅವಳು ಕಪ್ಪು ಕೆಳಗಿಟ್ಟಳು. "ನೀನ ಬರದೀಯಲ್ಲ ಅಬ್ಬಾ, ಗ್ವಾಡಿ ಮ್ಯಾಲ, ಶುದ್ಧ ನೀರು ಅಂತ. ಮತ್ತ ನಾ ಏನ ತಿಳಕೋಬೇಕು?"

ಅವನು ಚಹಾ ಬಿಟ್ಟು ಎದ್ದು ಹೋಗಿ ಕಟ್ಟೆಯ ಹಿಂದೆ ಕಸ ಸರಿಸಿ ನೋಡಿದ. ಬಾವಿಯ ಮೋಟರಿನಿಂದ ಒಂದು ಹೊಸ ಪೈಪು ಹಂಚಿನ ಕಟ್ಟೆಯನ್ನು ಬಳಸಿಕೊಂಡು ನೇರ ನಳಕ್ಕೆ ಹೋಗಿತ್ತು. ಮೇಲೆ ಮಣ್ಣು ಮುಚ್ಚಿ, ಮಣ್ಣಿನ ಮೇಲೆ ಹುಲ್ಲು ಹತ್ತಿತ್ತು. ಮೋಡದ ದಿನಗಳಲ್ಲಿ ಊರು ಕುಡಿದದ್ದು ಬಾವಿಯ ನೀರನ್ನೇ. ಬಾವಿ ತುಂಬಿದ್ದರಿಂದ ವಾಸನೆ ತೆಳುವಾಗಿತ್ತು, ಅಷ್ಟೇ.

ಅಲ್ಲಿಂದ ನೇರ ಕಳಕಪ್ಪಗೌಡರ ಮನೆಗೆ ನಡೆದ. ಗೌಡರು ಪಡಸಾಲೆಯಲ್ಲಿ ಕೂತಿದ್ದರು. ಕೂಡ್ರಲು ಹೇಳಿದರು. ಅವನು ಕೂಡಲಿಲ್ಲ, ಪೈಪು ನೋಡಿ ಬಂದೆ ಎಂದ.

ಗೌಡರು ಅಲ್ಲಗಳೆಯಲಿಲ್ಲ. "ನೀರ ಬಂದ್ ಮಾಡಿದ ದಿನ ಮಂದಿ ನನ್ನ ಮನಿ ಮುಂದ ಕೊಡ ಇಟ್ಟು ಕುಂದರತಾರ. ನೀರ ಬಿಟ್ಟ ದಿನ ಯಾರೂ ಏನೂ ಕೇಳಂಗಿಲ್ಲ. ನೀವ ಹೇಳ್ರಿ ಕಾಶೀಂಸಾಬ್ರ, ನಾ ಯಾವ್ದು ಮಾಡ್ಲಿ?"

"ಕುಣಿ ತಗಸ್ರಿ ಗೌಡ್ರ."

"ಕುಣಿ ತಗಸಿದ್ರ ನೀರಾಗ ಇನ್ನೂ ವಿಷ ಐತಿ ಅಂತ ಒಪ್ಪಿಕೊಂಡಂಗಾತು." ಗೌಡರು ದನಿ ಏರಿಸಲಿಲ್ಲ. "ಏಳೆಂಟು ವರ್ಷ ಆತು. ಊರಾಗ ಯಾರ ಸತ್ತಾರ? ನಾನೂ ಅದ ನೀರ ಕುಡೀತೇನಿ."

ಆ ಮಾತು ಖರೇ ಇತ್ತು. ಗೌಡರ ಮನೆಗೂ ಅದೇ ನಳ. ಕಾಶೀಂಸಾಬನಿಗೆ ಎಲ್ಲಕ್ಕಿಂತ ದಿಗಿಲು ಹುಟ್ಟಿಸಿದ್ದು ಅದೇ. ಮೋಸಗಾರನಾಗಿದ್ದರೆ ಬೈದಾದರೂ ಬರಬಹುದಿತ್ತು.

ಮರುದಿನ ಮುಂಜಾನೆ ಮಳೆ ಬಿಡುವು ಕೊಟ್ಟಾಗ ಅವನು ಎರಡು ಡಬ್ಬಿ ಬಣ್ಣ ಹಿಡಿದು ಬನ್ನಿಕಟ್ಟಿಗೆ ಬಂದ. ಹೆಂಗಸರು ನೀರಿಗೆ ಬರುವ ಹೊತ್ತಿಗೇ ಬಂದ. ತಾನು ಬರೆದ ನೀಲಿ ಅಕ್ಷರದ ಮೇಲೆ ಸುಣ್ಣ ಹೊಡೆದು, ಒಣಗುವತನಕ ಕಾದು, ಕೆಂಪಿನಲ್ಲಿ ಬರೆಯತೊಡಗಿದ. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಸಾಲು ಸೊಟ್ಟಾಯಿತು. ಊರಿನ ಹಿರಿಯ ಹೆಣ್ಣುಮಗಳು ಸಿದ್ದವ್ವ ಕೊಡ ಇಳಿಸಿ ನಿಂತು ನೋಡುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಏನ ಬರದಿ ತಮ್ಮಾ?"

"ಮೋಡ ಇದ್ದ ದಿನ ಈ ನೀರ ಕುಡೀಬ್ಯಾಡ್ರಿ, ಇದರಾಗ ವಿಷ ಐತಿ ಅಂತ ಬರದೇನ್ರಿ."

"ಮತ್ತ ಮದಲ ಬರದಿದ್ದು ಏನಿತ್ತು?"

"ಚಲೋ ನೀರು ಅಂತ ಇತ್ರಿ."

"ಅದನ್ನ ಯಾರ ಬರದಿದ್ರು?"

"ಅದನ್ನೂ ನಾನ ಬರದಿದ್ದೆನ್ರಿ."

ಸಿದ್ದವ್ವ ಸ್ವಲ್ಪ ಹೊತ್ತು ಗೋಡೆ ನೋಡಿದಳು, ಆಕಾಶ ನೋಡಿದಳು. ಈ ವಯಸ್ಸಿಗೆ ಬೋರಿಗೆ ನಡೆಯಲು ತನ್ನ ಕೈಲಾಗದು ಎಂದು ತನಗೇ ಎಂಬಂತೆ ಹೇಳಿಕೊಂಡು ನಳದ ಕೆಳಗೆ ಕೊಡ ಇಟ್ಟಳು. ಕೊಡ ತುಂಬುವ ಸಪ್ಪಳ ಕೇಳುತ್ತ ಅವನು ಕೊನೆಯ ಅಕ್ಷರ ಮುಗಿಸಿದ.

ಮಾತು ಮೂರೇ ದಿನಕ್ಕೆ ರೋಣದತನಕ ಹೋಯಿತು. ನಾಲ್ಕನೆಯ ದಿನ ಹಾಲಿನ ವ್ಯಾನಿನವರು ಬನ್ನಿಕಟ್ಟಿಯ ಕ್ಯಾನುಗಳನ್ನು ಇಳಿಸಿ ಹೋದರು. ವಿಷದ ನೀರು ಕುಡಿದ ಎಮ್ಮೆಯ ಹಾಲು ಬೇಡ ಎಂದರು. ಊರಿನ ಅರ್ಧ ಮನೆಗಳ ಒಲೆ ಉರಿಯುತ್ತಿದ್ದದ್ದು ಆ ಹಾಲಿನಿಂದ. ಹಾಲು ಚರಂಡಿಗೆ ಹೋಯಿತು. ಗೊತ್ತಾಗಿದ್ದ ಒಂದು ಮದುವೆಯವರು, ಹುಡುಗಿಯನ್ನು ಆ ಊರಿಗೆ ಕೊಡುವುದಿಲ್ಲವೆಂದು ಹೇಳಿ ಕಳಿಸಿದರು. ಬಾವಿಯಲ್ಲಿ ವಿಷ ಇದೆಯೆಂದು ಯಾರಿಗೂ ಸಿಟ್ಟು ಬಂದಿರಲಿಲ್ಲ. ಗೋಡೆಯ ಮೇಲೆ ಬರೆದದ್ದಕ್ಕೆ ಊರಿಗೆ ಊರೇ ಸಿಟ್ಟಾಯಿತು.

ಮುಂದಿನ ವಾರ ಅವನು ಹೋದಾಗ ಗೋಡೆಗೆ ಯಾರೋ ಸಗಣಿ ಬಳಿದಿದ್ದರು. ಕಟ್ಟೆಯ ಮೇಲೆ ಒಂದೂ ಹಂಚು ಇರಲಿಲ್ಲ. ಅರ್ಧ ಒಡೆದು ಗುಪ್ಪೆ ಬಿದ್ದಿದ್ದವು. ಇನ್ನರ್ಧವನ್ನು ಊರವರು ದನದ ಕೊಟ್ಟಿಗೆಗಳಿಗೆ ಹೊದಿಸಿಕೊಂಡಿದ್ದರು. ಅಳಿಯನ ಕೊಟ್ಟಿಗೆಯ ಮೇಲೂ ಒಂದು ಸಾಲು ಬೆಳ್ಳಗೆ ಕಂಡಿತು. ಸಲಾವುದ್ದೀನ ಬಾಗಿಲಲ್ಲೇ ನಿಂತಿದ್ದ; ಒಳಗೆ ಕರೆಯಲಿಲ್ಲ.

"ಮಾವಾ, ನೀವು ಗ್ವಾಡಿ ಮ್ಯಾಲ ಬರೀಲಿಲ್ಲ, ನಮ್ಮ ಹೊಟ್ಟಿ ಮ್ಯಾಲ ಬರದ್ರಿ," ಎಂದ. "ಸ್ವಲ್ಪ ದಿನ ಈ ಕಡೆ ಬರಬ್ಯಾಡ್ರಿ."

ಸಾಬೀರಾಳನ್ನಾದರೂ ಹೆರಿಗೆಯತನಕ ಕಳಿಸಿಕೊಡು ಎಂದು ಅವನು ಬೇಡಿಕೊಂಡ. ಅವಳನ್ನು ಕಳಿಸಿದರೆ ವಿಷದ ಮಾತು ನಾವೇ ಒಪ್ಪಿದಂತೆ ಎಂದು ಊರಲ್ಲಿ ಅನ್ನುತ್ತಾರೆ ಎಂದ ಅಳಿಯ.

ಅಕ್ಟೋಬರಿನಲ್ಲಿ, ಏಳನೆಯ ತಿಂಗಳಿಗೆ, ಅವಳನ್ನು ದವಾಖಾನೆಗೆ ತಂದರು. ಹೆಣ್ಣು ಮಗು. ಉಸಿರಾಡಲಿಲ್ಲ. ಕೈಯಲ್ಲಿ ಎತ್ತಿಕೊಂಡರೆ ಕುಂಚದ ಡಬ್ಬಿಯಷ್ಟೂ ಭಾರ ಇರಲಿಲ್ಲ. ಕಾಶೀಂಸಾಬನೇ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಖಬರಸ್ತಾನಕ್ಕೆ ಒಯ್ದ.

ಮೂರನೆಯ ದಿನ ಅವನು ಡಾಕ್ಟರಮ್ಮನ ಮುಂದೆ ನಿಂತು ಇದು ನೀರಿನಿಂದ ಆದದ್ದೇ ಎಂದು ಕೇಳಿದ. ಆಕೆ ಒಳ್ಳೆಯವರು, ಕೂಡ್ರಿಸಿ ಮಾತಾಡಿದರು. ಆಗಿರಬಹುದು, ಆಗಿರದೆಯೂ ಇರಬಹುದು. ರಕ್ತ ಕಡಿಮೆ ಇತ್ತು, ಹಿಂದೆಯೂ ಎರಡು ಸಲ ಹೋಗಿದೆ. ಇದೇ ಕಾರಣ ಅಂತ ಯಾರೂ ಬರೆದುಕೊಡಲಾರರು ಎಂದರು.

ಹೊರಗೆ ಬಂದು ಅವನು ಬೇವಿನ ಮರದ ಕಟ್ಟೆಯ ಮೇಲೆ ಕೂತ. ನೀರಿನಿಂದಲೇ ಆಯಿತು ಎಂದಿದ್ದರೆ ಕಳಕಪ್ಪಗೌಡರ ಕೊರಳಪಟ್ಟಿ ಹಿಡಿಯಬಹುದಿತ್ತು. ಆದರೆ ಆ ನೀರನ್ನು ಚಲೋ ಎಂದು ಬರೆದವನು ತಾನು. ನೀರಿನಿಂದ ಅಲ್ಲ ಎಂದಿದ್ದರೆ ತನ್ನ ಕೈ ತೊಳೆದುಹೋಗುತ್ತಿತ್ತು. ಆಗ ಕೆಂಪಕ್ಷರ ಬರೆದು ಊರಿನ ಹಾಲು ಚೆಲ್ಲಿಸಿದ್ದಕ್ಕೆ ಅರ್ಥ ಉಳಿಯುತ್ತಿರಲಿಲ್ಲ. ಎರಡರಲ್ಲಿ ಯಾವುದು ಆಗಲಿ ಎಂದು ಬೇಡಿಕೊಳ್ಳಬೇಕೋ ಅವನಿಗೇ ತಿಳಿಯಲಿಲ್ಲ.

ಆ ಸಂಜೆ ಟೆಲಿಫೋನ್ ಬೂತಿನಿಂದ ಬಳ್ಳಾರಿಗೆ ಫೋನು ಹಚ್ಚಿದ. ಶಶಿಕಾಂತ ಮೇಷ್ಟ್ರು ಎಲ್ಲ ಕೇಳಿಸಿಕೊಂಡರು. ಮೋಡದ ದಿನ ಬಿಡಬಾರದೆಂದು ನಾನು ಹೇಳಿದ್ದೆನಲ್ಲ ಎಂದರು. ಹೌದ್ರಿ, ಹೇಳಿದ್ರಿ ಎಂದ ಇವನು. ಹಾಗಾದರೆ ಬಿಸಿಲಿನ ದಿನದ ನೀರಾದರೂ ಪೂರ್ತಿ ಚಲೋ ಇತ್ತೇ ಎಂದು ಕೇಳಿದ.

"ನಾ ಅಳದದ್ದು ಬಿ.ಎಚ್.ಸಿ. ಎಷ್ಟ ಉಳದೈತಿ ಅಂತ, ಕಾಶೀಂಸಾಬ್ರ," ಎಂದರು ಮೇಷ್ಟ್ರು. "ಅದು ಒಡದು ಪೂರಾ ಇಲ್ಲದಂಗ ಆಗೂತನಕ ನಡುವ ಬ್ಯಾರೆ ಏನೇನ ಹುಟ್ಟತೈತಿ, ಅದನ್ನ ಅಳಿಯೂ ಮಶಿನ್ನು ನನ್ನ ಹತ್ರ ಇರಲಿಲ್ಲ. ಮುಂದ ಮಾಡೋಣ ಅಂತ ಪುಸ್ತಕದಾಗ ಬರದೇನಿ."

ಕಾಶೀಂಸಾಬ ಫೋನು ಇಟ್ಟ. ಮನೆಗೆ ಹೋಗಿ ಕಪಾಟಿನ ಮೇಲಿನ ಪುಸ್ತಕ ಇಳಿಸಿ ಬೆಳಕಿಗೆ ಹಿಡಿದು, ಆ ಸಾಲು ಯಾವ ಪುಟದಲ್ಲಿದೆಯೋ ಎಂದು ನೋಡಿದ. ಹಾಳೆಗಳೆಲ್ಲ ಒಂದೇ ಥರ ಕಂಡವು. ಮೇಷ್ಟ್ರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚಲೋ ಇತ್ತು ಎಂದು ಹಸೀನಾ ಆಮೇಲೆ ಹೇಳುತ್ತಿದ್ದಳು. ಆ ಸಿಟ್ಟನ್ನೆಲ್ಲ ಅವನು ತನ್ನ ಮೇಲೇ ತೀರಿಸಿಕೊಂಡ, ಊಟ ಅರ್ಧಕ್ಕೆ ಇಳಿಸಿದ, ನಗುವುದನ್ನು ಬಿಟ್ಟ.

ಕೆಲಸವೂ ಕಡಿಮೆಯಾಯಿತು. ಬನ್ನಿಕಟ್ಟಿಯ ಸುತ್ತಿನ ಹಳ್ಳಿಗಳಲ್ಲಿ, ಊರ ಮರ್ಯಾದೆ ಗೋಡೆಗೆ ಬರೆದವನು ಎಂದು ಯಾರೂ ಕರೆಯಲಿಲ್ಲ. ಪೇಟೆಯಲ್ಲಿ ಫ್ಲೆಕ್ಸ್ ಬಂದಿತ್ತು. ಒಂದು ತಾಸಿಗೆ ಫೋಟೋ ಸಮೇತ ಬೋರ್ಡು ಸಿಗುವಾಗ ಮೂರು ದಿನ ಕುಂಚ ಆಡಿಸುವವನಿಗೆ ಯಾರು ಕಾಯಬೇಕು?

ಹಾಲಿನ ವ್ಯಾನು ಐದಾರು ತಿಂಗಳಿಗೆ ತಾನಾಗಿ ಮತ್ತೆ ಬಂತು. ಬನ್ನಿಕಟ್ಟಿ ಬಾವಿಯ ನೀರನ್ನು ನೇರವಾಗಿ ಕುಡಿಯುತ್ತ ಉಳಿಯಿತು.

ಎರಡು ಸಾವಿರದ ಒಂಬತ್ತರ ಸೆಪ್ಟೆಂಬರ್ ಕೊನೆಗೆ ಆ ಸೀಮೆ ಕಂಡರಿಯದ ಮಳೆ ಹೊಡೆಯಿತು. ಮಲಪ್ರಭೆ ಉಕ್ಕಿ ನರಗುಂದ, ರೋಣದ ಹಳ್ಳಿಗಳು ಮುಳುಗಿದವು. ಬನ್ನಿಕಟ್ಟಿಗೆ ಹೊಳೆ ಬರಲಿಲ್ಲ, ಹಳ್ಳ ಬಂತು. ಗೋದಾಮಿನ ಹಿಂದಿನ ಗೋಡೆ ಕುಸಿಯಿತು. ಕುಣಿಯ ಬಾಯಿ ತೆರೆದು ಒಳಗಿನದೆಲ್ಲ ಬಯಲಿಗೆ ಬಿತ್ತು. ಬೂದು ಬಣ್ಣದ ಗಾರೆಯಂಥದು ಹೊಲಗಳ ಮೇಲೆ, ಬಾವಿಯ ಒಳಗೆ, ಸಾಲೆಯ ಅಂಗಳದಲ್ಲಿ ಹರಡಿತು. ಆಗ ವಾಸನೆ ಇಡೀ ಊರಿಗೆ ಬಂತು. ಮುಚ್ಚಿಡಲು ಏನೂ ಉಳಿಯಲಿಲ್ಲ. ನೆರೆ ನೋಡಲು ಬಂದ ಅಧಿಕಾರಿಗಳೇ ಮೂಗಿಗೆ ಕರವಸ್ತ್ರ ಹಿಡಿದು ಬಾವಿ ಮುಚ್ಚಿಸಿದರು. ಪಕ್ಕದ ಊರಿನ ಕೊಳವೆಬಾವಿಯಿಂದ ಪೈಪು ತಂದರು. ಮಳೆ ತೊಳೆದುಹಾಕಿತು, ಇನ್ನು ತೆಗೆಯಲಿಕ್ಕೆ ಏನಿದೆ ಎಂದು ಕುಣಿಯನ್ನು ಮಣ್ಣೆಳೆದು ಸಮ ಮಾಡಿದರು. ಹಳ್ಳ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರು ಇಲ್ಲ.

ಕಳಕಪ್ಪಗೌಡರು ಹೊಸ ಟ್ಯಾಂಕಿಗೆ ಹೆಸರು ಬರೆಯಲು ಕಾಶೀಂಸಾಬನಿಗೇ ಹೇಳಿ ಕಳಿಸಿದರು. ಹಿಂದಿನದೆಲ್ಲ ಮರೆತುಬಿಡಲಿ ಎಂದಿದ್ದರು. ನೀರಿನ ಪರೀಕ್ಷೆಯ ಕಾಗದ ತೋರಿಸಿದರೆ ಬರೆಯುತ್ತೇನೆ ಎಂದು ಇವನು ತಿರುಗಿ ಹೇಳಿ ಕಳಿಸಿದ. ಕಾಗದ ಬರಲಿಲ್ಲ. ಮರುವಾರ ಟ್ಯಾಂಕಿಗೆ ಫ್ಲೆಕ್ಸ್ ಬಿಗಿದರು. ಅದರಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ನೀರಿನ ಹನಿಗಳು, ಗೌಡರ ಫೋಟೋ.

ಸಾಬೀರಾ ಗಂಡನ ಮನೆಯಲ್ಲೇ ಇದ್ದಳು. ಮತ್ತೆ ಬಸುರಾಗಲಿಲ್ಲ. ತಿಂಗಳಿಗೊಮ್ಮೆ ತವರಿಗೆ ಬಂದು ಹೋಗುವಾಗ ಹಸೀನಾ ಎರಡು ಕ್ಯಾನು ಗಜೇಂದ್ರಗಡದ ನಳದ ನೀರು ತುಂಬಿ ಕೊಡುತ್ತಿದ್ದಳು. ಎರಡು ಕ್ಯಾನು ತಿಂಗಳಿಗೆ ಎಲ್ಲಿ ಸಾಲುತ್ತವೆ ಎಂದು ಯಾರೂ ಯೋಚಿಸುತ್ತಿರಲಿಲ್ಲ. ಕಾಶೀಂಸಾಬ ಅವನ್ನು ಬಸ್‌ಸ್ಟ್ಯಾಂಡಿನತನಕ ಹೊತ್ತು ತರುತ್ತಿದ್ದ. ಮಗಳು ಒಮ್ಮೆಯಾದರೂ ತನ್ನನ್ನು ಬೈಯಲಿ ಎಂದು ಅವನು ಎರಡು ವರ್ಷದಿಂದ ಕಾದಿದ್ದ. ಅವಳು ಬೈದಿರಲಿಲ್ಲ. ಅಮ್ಮನಿಗೆ ಮಂಡಿನೋವಿನ ಎಣ್ಣೆ ತರಲು ನೆನಪು ಮಾಡುತ್ತಿದ್ದಳು, ಎಮ್ಮೆಯ ಸುದ್ದಿ ಹೇಳುತ್ತಿದ್ದಳು.

ಡಿಸೆಂಬರಿನ ಒಂದು ಮಧ್ಯಾಹ್ನ ಬಸ್ಸು ಬರುವುದು ತಡವಾಯಿತು. ಸಾಬೀರಾ ಕ್ಯಾನಿನ ಮುಚ್ಚಳ ಬಿಗಿ ಮಾಡುತ್ತ, ಆಗತಾನೇ ಹೊಳೆದಂತೆ ಕೇಳಿದಳು.

"ಅಬ್ಬಾ, ಈ ನಿಮ್ಮ ಊರ ನೀರಿನ ಪರೀಕ್ಷೆ ಕಾಗದ ಯಾರರ ನೋಡ್ಯಾರೇನು?"

ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ಅಷ್ಟೇ ಎಂಬಂತೆ ಕ್ಯಾನುಗಳನ್ನು ಹತ್ತಿರ ಎಳೆದುಕೊಂಡಳು. ರಾಜೂರಿನ ಬಸ್ಸು ಬಂತು. ಅವನು ಎರಡನ್ನೂ ಎತ್ತಿ ಸೀಟಿನ ಕೆಳಗಿಟ್ಟು, ಒಂದು ಸೋರುತ್ತಿದೆಯೇನೋ ಎಂದು ಬಗ್ಗಿ ನೋಡಿ ಇಳಿದ. ಬಸ್ಸು ತಿರುವು ದಾಟಿ ಕಾಣದಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಮನೆಯ ಕಡೆ ನಡೆದ.